ಜೆಸಿಬಿ ಬರುವ ಮೊದಲಿನ ಕೆಲಸ: ಬಡಾವಣೆ ಕಟ್ಟುತ್ತಲೇ ಜೀವವೈವಿಧ್ಯ ಹೆಚ್ಚಿಸುವ ಬಗೆ

(ಬಡಾವಣೆ ಕಟ್ಟುವವರು, ಎಂಜಿನಿಯರುಗಳು, ಗುತ್ತಿಗೆದಾರರು ಮತ್ತು ನಿವಾಸಿ ಸಂಘದವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಜಮೀನು ಕೊಳ್ಳುವಾಗ ನೀವೆಲ್ಲ ಪಹಣಿ ನೋಡಿರುತ್ತೀರಿ. ವಿಸ್ತೀರ್ಣದ ಕಾಲಮ್ಮಿನಲ್ಲಿ ಖರಾಬು ಅಂತ ಒಂದು ಅಂಕಿ ಇರುತ್ತದೆ. ‘ಎ’ ಖರಾಬು ಅಂದರೆ ಸಾಗುವಳಿಗೆ ಬಾರದ ಬಂಡೆ, ಕೊರಕಲು. ‘ಬಿ’ ಖರಾಬು ಅಂದರೆ ಹಳ್ಳ, ಕುಂಟೆ (ಮಳೆನೀರು ನಿಲ್ಲುವ ಸಣ್ಣ ಕೆರೆ), ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ. ಜಮೀನಿಗೆ ದರ ಕಟ್ಟುವಾಗ ಖರಾಬನ್ನು ಕಳೆದೇ ಮಾತಾಡುತ್ತೇವೆ. ಇವತ್ತಿನ ಮಾತು ಹೀಗೆ ಕಳೆದುಬಿಟ್ಟ ಗುಂಟೆಗಳ ಬಗ್ಗೆ. ಹೊಲವನ್ನು ತಲೆಮಾರುಗಳಿಂದ ಉತ್ತಿದ್ದಾರೆ. ನೇಗಿಲು ಮುಟ್ಟದ ನೆಲ, ಹುತ್ತ, ಬಿಲ, ಹಳೆಯ ಬೇರು, ಕಾಡುಬೀಜ ಎಲ್ಲ ಉಳಿದಿರುವುದು ಖರಾಬಿನಲ್ಲಿ, ಬದುವಿನ ಬೇಲಿಯಲ್ಲಿ. ಬೆಂಗಳೂರು, ತುಮಕೂರು, ಕೋಲಾರದ ಕಡೆಯ ಕೆಂಪು ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡುತ್ತೇನೆ. ಮಲೆನಾಡಿಗೂ ಕರಾವಳಿಗೂ ಲೆಕ್ಕ ಬೇರೆ.

ಕಾನೂನು ಈ ಜಾಗವನ್ನು ಹೇಗೆ ನೋಡುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಗಳಿಗೆ ಪರಿಸರ ಅನುಮತಿ ಬೇಕು. ಆದರೆ ತಂಗಡಿ, ಬಂದರಿಕೆ, ಕವಳೆ, ಎಲಚಿ ಬೆಳೆದ ಕುರುಚಲನ್ನು ಕಿತ್ತರೆ ಕೇಳುವವರು ಯಾರೂ ಇಲ್ಲ, ಯಾಕೆಂದರೆ ಅದು ‘ಮರ’ ಅಲ್ಲ. ಹಾಗಾಗಿ ಜೆಸಿಬಿ ಬಂದ ಮೊದಲ ದಿನವೇ ಹೋಗುವುದು ಅದು. ಮೂರು ವರ್ಷ ಬಿಟ್ಟು ಅದೇ ಜಾಗದಲ್ಲಿ ಲಾನ್ ಹಾಸಿ, ನೂರು ಸಸಿ ನೆಟ್ಟು, ಫೋಟೋ ತೆಗೆಸಿಕೊಳ್ಳುತ್ತೇವೆ.

ಇದನ್ನು ಅಂಕಿಯಲ್ಲಿ ನೋಡಲು ಇಂಗ್ಲೆಂಡಿನ ಒಂದು ಪದ್ಧತಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ 2021ರ ಪರಿಸರ ಕಾಯ್ದೆಯ ಪ್ರಕಾರ 2024ರ ಫೆಬ್ರುವರಿ 12ರಿಂದ ದೊಡ್ಡ ಯೋಜನೆಗಳು, ಏಪ್ರಿಲ್ 2ರಿಂದ ಸಣ್ಣವೂ, ನೆಲದ ಜೀವವೈವಿಧ್ಯವನ್ನು ಮೊದಲಿದ್ದದ್ದಕ್ಕಿಂತ ಶೇ. 10ರಷ್ಟು ಹೆಚ್ಚಿಸಿ ತೋರಿಸಬೇಕು, ಅದನ್ನು 30 ವರ್ಷ ಕಾಪಾಡಬೇಕು. ಅಳೆಯುವ ಕ್ರಮ ಸರಳ: ವಿಸ್ತೀರ್ಣವನ್ನು ಆವಾಸದ, ಅಂದರೆ ಗಿಡ-ಪ್ರಾಣಿಗಳು ನೆಲೆಸಿದ ಜಾಗದ, ಬೆಲೆಯಿಂದ ಗುಣಿಸಿ, ಆಮೇಲೆ ಅದರ ಈಗಿನ ಸ್ಥಿತಿಯಿಂದ ಗುಣಿಸಬೇಕು. ಬೆಲೆ ಕಡಿಮೆಯಾದರೆ 2, ಮಧ್ಯಮಕ್ಕೆ 4, ಹೆಚ್ಚಿದ್ದರೆ 6. ಸ್ಥಿತಿ ಕೆಟ್ಟದ್ದಕ್ಕೆ 1, ಸಾಧಾರಣಕ್ಕೆ 2, ಒಳ್ಳೆಯದಕ್ಕೆ 3.

ನಮ್ಮ ಕಡೆಯ 10 ಎಕರೆ ತೆಗೆದುಕೊಳ್ಳೋಣ. ಇದು ಬರೀ ಉದಾಹರಣೆ, ಆವಾಸದ ಬೆಲೆಗಳನ್ನು ನಮ್ಮ ನೆಲಕ್ಕೆ ನಾನೇ ಅಂದಾಜಿನಲ್ಲಿ ಹಾಕಿದ್ದೇನೆ. ಬೀಳು ಬಿದ್ದ ರಾಗಿ ಹೊಲ 6 ಎಕರೆ: 6×2×1, ಅಂದರೆ 12. ನೀಲಗಿರಿ ತೋಪು 2 ಎಕರೆ: 2×2×1, ಅಂದರೆ 4. ಬಂಡೆಯ ಮೇಲಿನ ಹುಲ್ಲು-ಕುರುಚಲು 1 ಎಕರೆ: 1×6×2, ಅಂದರೆ 12. ಕುಂಟೆ 20 ಗುಂಟೆ, ಅಂದರೆ ಅರ್ಧ ಎಕರೆ: ಅರ್ಧ×6×2, ಅಂದರೆ 6. ಹಳೆಯ ಬೇಲಿ ಸಾಲು 20 ಗುಂಟೆ: ಅರ್ಧ×4×2, ಅಂದರೆ 4. ಒಟ್ಟು 38. ಇದರಲ್ಲಿ 18 ಬಂದಿರುವುದು ಬಂಡೆ ಮತ್ತು ಕುಂಟೆಯ ಒಂದೂವರೆ ಎಕರೆ ಖರಾಬಿನಿಂದ. ಜಾಗ ನೂರಕ್ಕೆ 15, ಲೆಕ್ಕದಲ್ಲಿ ಹತ್ತಿರ ಹತ್ತಿರ ಅರ್ಧ.

ಎಲ್ಲವನ್ನೂ ಮಟ್ಟ ಮಾಡಿ ಒಂದೂವರೆ ಎಕರೆ ಲಾನ್ ಪಾರ್ಕು ಕೊಟ್ಟರೆ ಸಿಗುವುದು 1.5×2×1, ಅಂದರೆ 3. ಸಾಲುಮರಗಳನ್ನು ಎಷ್ಟು ಉದಾರವಾಗಿ ಸೇರಿಸಿದರೂ 38ರ ಹತ್ತಿರ ಸುಳಿಯುವುದಿಲ್ಲ. ಅದೇ ಬಂಡೆ, ಕುಂಟೆ, ಬೇಲಿ ಮೂರನ್ನೂ ಉಳಿಸಿ, ಲಂಟಾನ ಕಳೆ ಕಿತ್ತು, ಕಸ ತೆಗೆದು, ಸ್ಥಿತಿಯನ್ನು 2ರಿಂದ 3ಕ್ಕೆ ಏರಿಸಿದರೆ 18, 9, 6 ಸೇರಿ 33 ಆಯಿತು. ಪಾರ್ಕಿನ ಒಂದೂವರೆ ಎಕರೆಯಲ್ಲಿ ಲಾನಿನ ಬದಲು ಊರಿನ ಮರ, ಪೊದೆ, ಹುಲ್ಲು ಬೆಳೆಸಿದರೆ 1.5×4×2, ಅಂದರೆ 12. ಹೊಸ ಗಿಡ ಬೆಳೆಯಲು ವರ್ಷಗಳು ಬೇಕು ಅಂತ ಅದರಲ್ಲಿ ಕಾಲುಭಾಗ ಕಡಿತ ಮಾಡಿದರೂ 9. ಒಟ್ಟು 42. ಶೇ. 10 ಹೆಚ್ಚಾಗಲು ಬೇಕಾದದ್ದು 41.8. ಪಾಸು, ಅದೂ ಅಂಚಿನಲ್ಲಿ. ಇಂಗ್ಲೆಂಡಿನ ಲೆಕ್ಕದಲ್ಲಿ ಸುಧಾರಿಸಿದ ಭಾಗಕ್ಕೂ ಸಮಯದ ಕಡಿತ ಇದೆ, ಬೇಲಿಯನ್ನು ಉದ್ದದಲ್ಲಿ ಬೇರೆಯಾಗಿ ಅಳೆಯುತ್ತಾರೆ. ನಾನು ಸರಳ ಮಾಡಿದ್ದೇನೆ. ಅಂಕಿಗಿಂತ ಮುಖ್ಯ ಅಲ್ಲಿಯವರು ಹಾಕಿಕೊಂಡ ಕ್ರಮ: ಹಾನಿಯನ್ನು ಮೊದಲು ತಪ್ಪಿಸಬೇಕು, ತಪ್ಪಿಸಲಾಗದಿದ್ದರೆ ತಗ್ಗಿಸಬೇಕು, ಆಮೇಲೆ ಕೆಡಿಸಿದ್ದನ್ನು ಸರಿಪಡಿಸಬೇಕು, ಎಲ್ಲ ಮುಗಿದ ಮೇಲೆ ಉಳಿದದ್ದಕ್ಕಷ್ಟೇ ಬೇರೆ ಕಡೆ ತುಂಬಿಕೊಡಬೇಕು. ನಮ್ಮಲ್ಲಿ ‘ಒಂದು ಮರಕ್ಕೆ ಹತ್ತು ಸಸಿ’ ಅಂತ ಕೊನೆಯ ಮೆಟ್ಟಿಲಿನಿಂದಲೇ ಶುರು ಮಾಡುತ್ತೇವೆ.

ಇನ್ನು ಕೆಲಸಕ್ಕೆ ಬರೋಣ.

ಸರ್ವೇಯರ್ ಜೊತೆ ಗಿಡ, ಹಕ್ಕಿ, ಕಪ್ಪೆ ಬಲ್ಲ ಒಬ್ಬರು ಜಮೀನು ಸುತ್ತಬೇಕು, ಅದೂ ಎರಡು ಸಲ. ಏಪ್ರಿಲ್‌ನಲ್ಲಿ ಹೋದರೆ ಬೋಳು ನೆಲ, ಒಣಗಿದ ಗುಂಡಿ ಕಾಣುತ್ತದೆ, ‘ಏನೂ ಇಲ್ಲ’ ಅಂತ ವರದಿ ಬರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನೋಡಿದರೆ ಅದೇ ಜಾಗದಲ್ಲಿ ತುಂಬೆ, ಉತ್ತರಾಣಿ, ಕರಡ ಹುಲ್ಲು, ಚಿಟ್ಟೆ, ಕಪ್ಪೆ ಎಲ್ಲ ಸಿಗುತ್ತವೆ. ಗ್ರಾಮ ಪಂಚಾಯಿತಿಯಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಡಿ ಮಾಡಿದ ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಜೀವಸಂಪತ್ತಿನ ಪಟ್ಟಿ, ಇರಬೇಕು, ಕೇಳಿ ನೋಡಿ. ಗುಣಮಟ್ಟ ಊರಿಂದೂರಿಗೆ ಬೇರೆ, ಆದರೆ ಗುಂಡುತೋಪು, ಹಳ್ಳ, ಕುಂಟೆಗಳ ಸ್ಥಳೀಯ ಹೆಸರು ಅದರಲ್ಲಿ ಸಿಕ್ಕರೆ ಹಳೆಯ ಗ್ರಾಮ ನಕ್ಷೆಯ ಜೊತೆ ಹೋಲಿಸಬಹುದು.

ಉಳಿಸುವ ಜಾಗ ಗೊತ್ತಾದ ಕೂಡಲೇ ಬೇಲಿ ಹಾಕಬೇಕು. ಬಣ್ಣದ ಟೇಪು, ಸುಣ್ಣದ ಗೆರೆ ನಂಬಬೇಡಿ, ಜೆಸಿಬಿ ಡ್ರೈವರಿಗೆ ಅವು ಕಾಣುವುದೇ ಇಲ್ಲ. ಕಲ್ಲುಕಂಬ ನೆಟ್ಟು ತಂತಿ ಎಳೆಯಿರಿ. ಮರಕ್ಕಾದರೆ ಎಷ್ಟು ದೂರ? ಬ್ರಿಟಿಷ್ ಮಾನದಂಡ ಬಿಎಸ್ 5837ರಲ್ಲಿ ಒಂದು ಸುಲಭ ಸೂತ್ರವಿದೆ: ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ ಅಳೆದು 12ರಿಂದ ಗುಣಿಸಿ, ಅಷ್ಟು ದೂರದವರೆಗೆ ಅಗೆಯಬಾರದು, ಮಣ್ಣು ಪೇರಿಸಬಾರದು, ಗಾಡಿ ಓಡಿಸಬಾರದು. ಆರು ಅಡಿ ಸುತ್ತಳತೆಯ ಹುಣಸೆ ಮರದ ವ್ಯಾಸ ಸುಮಾರು 58 ಸೆಂ.ಮೀ. ಆದ್ದರಿಂದ ಸುತ್ತ 7 ಮೀಟರ್ ಬಿಡಬೇಕು. ‘ಮರ ಉಳಿಸಿದ್ದೇವೆ’ ಅಂತ ಹೇಳಿಕೊಂಡು ಬುಡದ ಸುತ್ತ ಎರಡು ಅಡಿ ಮಣ್ಣು ತುಂಬಿ ಟೈಲ್ಸ್ ಕಟ್ಟೆ ಕಟ್ಟುತ್ತಾರಲ್ಲ, ಆ ಮರ ಅದೇ ವರ್ಷ ಸಾಯುವುದಿಲ್ಲ. ಉಸಿರು ಕಟ್ಟಿದ ಬೇರು ನಿಧಾನವಾಗಿ ಕೊಳೆಯುತ್ತದೆ. ಒಂದೊಂದೇ ಕೊಂಬೆ ಒಣಗುತ್ತ ಬಂದು ಕೆಲವು ವರ್ಷ ಬಿಟ್ಟು ಮಳೆಗಾಲದ ಗಾಳಿಗೆ ಉರುಳುತ್ತದೆ. ಆಗ ಎಲ್ಲರೂ ಬೈಯುವುದು ಮರವನ್ನು.

ಗುತ್ತಿಗೆದಾರರು ಇಲ್ಲೇ ಕೂತಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ಬಿಒಕ್ಯೂನಲ್ಲಿ, ಅಂದರೆ ಗುತ್ತಿಗೆಯ ಕೆಲಸ-ಪ್ರಮಾಣಗಳ ಪಟ್ಟಿಯಲ್ಲಿ, ‘ಕ್ಲಿಯರಿಂಗ್ ಅಂಡ್ ಗ್ರಬ್ಬಿಂಗ್’ (ಗಿಡಗಂಟಿ ಕಡಿದು ಬೇರು ಕೀಳುವ ಕೆಲಸ) ಅಂತ ಒಂದು ಐಟಂ ಇರುತ್ತದೆ, ಚದರ ಮೀಟರ್ ಲೆಕ್ಕದಲ್ಲಿ. ಎಷ್ಟು ಕಿತ್ತರೆ ಅಷ್ಟು ಬಿಲ್ಲು. ಹತ್ತು ಎಕರೆಗೂ ಅದನ್ನು ಬರೆದುಕೊಟ್ಟ ಮೇಲೆ ಸೈಟಿನಲ್ಲಿ ನಿಂತು ‘ಆ ಪೊದೆ ಮುಟ್ಟಬೇಡ’ ಅಂದರೆ ಯಾರು ಕೇಳುತ್ತಾರೆ? ಉಳಿಸುವ ಜಾಗವನ್ನು ಆ ಐಟಂನಿಂದಲೇ ಕಳೆದು, ನಕ್ಷೆಯಲ್ಲಿ ಗುರುತಿಸಿ, ಬೇಲಿ ಕಾಯುವುದಕ್ಕೆ ಬೇರೆ ಐಟಂ ಹಾಕಿ ದುಡ್ಡು ಕೊಡಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಕೀಳಲೇಬೇಕಾದ ಜಾಗವನ್ನು ನವೆಂಬರ್‌ನಿಂದ ಜನವರಿ ಒಳಗೆ ಕೀಳಿ. ಟಿಟ್ಟಿಭ, ಗೌಜಲು, ನೆಲಗುಬ್ಬಿ ಇವೆಲ್ಲ ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿಗಳು. ಬೇಸಿಗೆಯಿಂದ ಮಳೆಗಾಲದವರೆಗೆ ಅವುಗಳ ಮರಿಗಾಲ. ಒಂದು ಕಡೆಯಿಂದ ಶುರು ಮಾಡಿ, ಉಳಿಸಿದ ಪೊದೆಯ ಕಡೆಗೆ ನಿಧಾನವಾಗಿ ಸಾಗಿ, ಓಡುವ ಪ್ರಾಣಿಗೆ ದಾರಿ ಇರಲಿ. ನಾಲ್ಕೂ ದಿಕ್ಕಿನಿಂದ ಸುತ್ತುವರಿದರೆ ಮೊಲ, ಉಡ, ಹಾವು ನಡುವೆ ಸಿಕ್ಕಿಬೀಳುತ್ತವೆ.

ಮೇಲ್ಮಣ್ಣಿನ ವಿಷಯಕ್ಕೆ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಹೆಚ್ಚು ಹಾಳಾಗುವುದು ಅದೇ, ಸುಲಭವಾಗಿ ಉಳಿಸಬಹುದಾದದ್ದೂ ಅದೇ. ಹೊಲದ ಮೇಲಿನ ಅರ್ಧ ಅಡಿ, ಸುಮಾರು 15 ಸೆಂ.ಮೀ., ಜೀವ ಇರುವ ಮಣ್ಣು. ಕೆಳಗೆ ಗರಸು. ಒಂದು ಎಕರೆಯ ಅರ್ಧ ಅಡಿ ಅಂದರೆ ಸುಮಾರು 607 ಘನ ಮೀಟರ್. ಕೆದರಿದಾಗ ಉಬ್ಬುವುದನ್ನೂ ಸೇರಿಸಿದರೆ ಹತ್ತು ಘನ ಮೀಟರಿನ ಟಿಪ್ಪರಿನಲ್ಲಿ 75 ಲೋಡು. ರಸ್ತೆ, ಮನೆ ಬರುವ ಜಾಗದಿಂದ ಇದನ್ನು ಮೊದಲೇ ಕೆರೆದು ಬೇರೆ ಇಡಬೇಕು. ಒಂದು ಚೂರು ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. ಸಣ್ಣ ಬತ್ತಿಯಾಗಿ ಬಂದರೆ ಹಸಿ ಹೆಚ್ಚು, ಅವತ್ತು ಕೆರೆಯಬೇಡಿ, ಪುಡಿಯಾದರೆ ಸರಿ. ರಾಶಿ ಎರಡು ಮೀಟರಿಗಿಂತ ಎತ್ತರ ಬೇಡ, ಅದಕ್ಕಿಂತ ಎತ್ತರವಾದರೆ ಒಳಗೆ ಗಾಳಿ ಇಲ್ಲದೆ ಎರೆಹುಳು, ಶಿಲೀಂಧ್ರ ಸಾಯುತ್ತವೆ, ಅಗೆದಾಗ ಹುಳಿ ವಾಸನೆ ಬರುತ್ತದೆ. ಆರು ತಿಂಗಳಿಗಿಂತ ಹೆಚ್ಚು ಇಡಬೇಕಾದರೆ ಮೇಲೆ ಹುರುಳಿ ಇಲ್ಲವೇ ಅಲಸಂದೆ ಚೆಲ್ಲಿ. ಗರಸಿನ ರಾಶಿ ಬೇರೆಯೇ ಇರಲಿ. ಎರಡೂ ಬೆರೆತರೆ ಮತ್ತೆ ಬೇರ್ಪಡಿಸುವ ಯಂತ್ರ ಯಾರ ಹತ್ತಿರವೂ ಇಲ್ಲ.

ಪಾರ್ಥೇನಿಯಂ, ಅದೇ ನಮ್ಮ ಕಾಂಗ್ರೆಸ್ ಗಿಡ, ಗಿಜಿಗುಟ್ಟಿದ ಜಾಗದ ಮೇಲ್ಮಣ್ಣನ್ನು ಪಾರ್ಕಿಗೆ ತರಬೇಡಿ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸಿರುತ್ತದೆ. ಅದನ್ನು ಎರಡು ಅಡಿಗಿಂತ ಆಳದ ಗುಂಡಿ ತುಂಬುವುದಕ್ಕೆ ಬಳಸಿ. ‘ಕೆಂಪು ಮಣ್ಣು ಲೋಡಿಗಿಷ್ಟು’ ಅಂತ ಹೊರಗಿನಿಂದ ತರಿಸುವವರು ಬಹಳ ಸಲ ಕೊಳ್ಳುವುದು ಇದೇ ಬೀಜವನ್ನು.

ಇನ್ನೊಂದು ಎಚ್ಚರಿಕೆ. ಬಂಡೆಯ ಸುತ್ತಲಿನ ಹುಲ್ಲುಗಾವಲಿಗೆ ಮೇಲ್ಮಣ್ಣು, ಗೊಬ್ಬರ ಏನನ್ನೂ ಹಾಕಬಾರದು. ಆ ನೆಲ ಬಡವಾಗಿರುವುದರಿಂದಲೇ ಅಲ್ಲಿ ನಾನಾ ಬಗೆಯ ಸಣ್ಣ ಗಿಡಗಳು ಇವೆ. ಸಾರ ಹೆಚ್ಚಾದರೆ ನಾಲ್ಕೈದು ಕಳೆಗಳು ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತವೆ. ಅಲ್ಲಿ ಮರ ನೆಡುವುದೂ ತಪ್ಪು. ಹೆಸರಘಟ್ಟದ ಹುಲ್ಲುಗಾವಲಿನಂಥ ಜಾಗವನ್ನು ‘ಖಾಲಿ ಬಿದ್ದಿದೆ’ ಅಂದವರು ಎಷ್ಟೋ ಜನ. ಬಯಲಿನ ಹಕ್ಕಿಗೆ ಬಯಲೇ ಬೇಕು, ಮರ ಬಂದರೆ ಅದರ ಮೇಲೆ ಕೂತು ಮೊಟ್ಟೆ ನೋಡುವ ಕಾಗೆಯೂ ಬರುತ್ತದೆ. ಚದರ ಮೀಟರಿಗೆ ಮೂರು ನಾಲ್ಕು ಸಸಿ ತುರುಕುವ ಮಿಯಾವಾಕಿ ಕಾಡನ್ನು ಇಂಥ ನೆಲದ ಮೇಲೆ ಮಾಡಬೇಡಿ, ಬೇಕೇ ಆದರೆ ನೀಲಗಿರಿ ತೆಗೆದ ಜಾಗದಲ್ಲಿ ಮಾಡಿ. ಹುಲ್ಲನ್ನು ವರ್ಷಕ್ಕೊಮ್ಮೆ, ಬೀಜ ಉದುರಿದ ಮೇಲೆ, ಡಿಸೆಂಬರ್-ಜನವರಿಯಲ್ಲಿ ಕೊಯ್ಯಿರಿ. ಈ ವರ್ಷ ಅರ್ಧ, ಮುಂದಿನ ವರ್ಷ ಇನ್ನರ್ಧ. ಕೊಯ್ದದ್ದನ್ನು ದನಕ್ಕೆ ಕೊಡಿ, ಅಲ್ಲೇ ಕೊಳೆಯಲು ಬಿಡಬೇಡಿ, ಸುಡಲೂ ಬೇಡಿ.

ಈಗ ನೀರು. ಒಂದು ಎಕರೆ ಮೇಲೆ 50 ಮಿ.ಮೀ. ಮಳೆ ಬಿದ್ದರೆ 2 ಲಕ್ಷ ಲೀಟರ್, ಹತ್ತು ಎಕರೆಗೆ 20 ಲಕ್ಷ. ಹೊಲವಾಗಿದ್ದಾಗ ಬದು ತಡೆದು ಬಹಳಷ್ಟು ಇಂಗುತ್ತಿತ್ತು. ಕಾಂಕ್ರೀಟ್ ಆದ ಮೇಲೆ ಹೆಚ್ಚಿನ ಪಾಲು ಅರ್ಧ ಗಂಟೆಯೊಳಗೆ ಮೋರಿಗೆ ಬರುತ್ತದೆ. 20 ಗುಂಟೆಯ ಕುಂಟೆ ಸರಾಸರಿ ಒಂದು ಮೀಟರ್ ಆಳವಿದ್ದರೆ ಹಿಡಿಯುವುದೂ ಹೆಚ್ಚುಕಡಿಮೆ ಅದೇ 20 ಲಕ್ಷ ಲೀಟರ್. ಈ ಕುಂಟೆ ಮುಚ್ಚಿ ಸೈಟು ಮಾಡಿದ ಬಡಾವಣೆಯಲ್ಲಿ ಮಳೆ ಬಂದಾಗ ನೆಲಮಾಳಿಗೆಯೇ ಕುಂಟೆಯಾಗುತ್ತದೆ.

ಕುಂಟೆ ‘ಅಭಿವೃದ್ಧಿ’ ಅಂದ ಕೂಡಲೇ ಸುತ್ತ ಕಲ್ಲು ಕಟ್ಟಿ ಬಾಣಲೆಯ ಹಾಗೆ ಮಾಡುವುದು ರೂಢಿ. ಜೀವ ಇರುವುದು ಅಂಚಿನಲ್ಲಿ, ಒಂದು ಅಡಿ ಆಳದ ನೀರಿನಲ್ಲಿ. ದಡ ಒಂದಕ್ಕೆ ಎಂಟರ ಇಳಿಜಾರಿದ್ದರೆ ಆ ಒಂದು ಅಡಿ ಆಳದ ಪಟ್ಟಿ ಎಂಟು ಅಡಿ ಅಗಲ ಸಿಗುತ್ತದೆ. ಕೊಕ್ಕರೆ ನಿಲ್ಲುವುದು, ಜೊಂಡು ಬೇರೂರುವುದು, ಕಪ್ಪೆ ಮೊಟ್ಟೆ ಇಡುವುದು ಅಲ್ಲಿ. ನೆಟ್ಟಗೆ ಕಲ್ಲುಗೋಡೆ ಕಟ್ಟಿದರೆ ಆ ಪಟ್ಟಿಯ ಅಗಲ ಸೊನ್ನೆ. ಏರಿಯ ನೀರಿನ ಬದಿಗೆ ಮಾತ್ರ ಕಲ್ಲು ಹಾಸಿ, ಉಳಿದ ಮೂರು ಕಡೆ ಮಣ್ಣಿನ ಇಳಿಜಾರು ಬಿಡಿ. ಕೋಡಿಯ ಮಟ್ಟವನ್ನು ನಡೆದಾಡುವ ದಾರಿಗಾಗಿ ಏರಿಸಬೇಡಿ, ಹಿಂದಿನವರು ಅಳೆದೇ ಇಟ್ಟಿರುತ್ತಾರೆ. ನೀರು ಒಳಬರುವ ಬಾಯಲ್ಲಿ ಹೂಳು ಗುಂಡಿ ಇರಲಿ, ಜೆಸಿಬಿಯ ಕೈ ಎಟುಕುವ ಜಾಗದಲ್ಲಿರಲಿ, ಪ್ರತಿ ಏಪ್ರಿಲ್-ಮೇಯಲ್ಲಿ ಖಾಲಿ ಮಾಡಿ.

ಬೇಸಿಗೆಯಲ್ಲಿ ಒಣಗುವ ಕುಂಟೆಯನ್ನು ಪ್ಲಾಸ್ಟಿಕ್ ಹಾಸಿ ವರ್ಷಪೂರ್ತಿ ನೀರಿನದು ಮಾಡಲು ಹೋಗಬೇಡಿ. ಒಣಗುವುದರಿಂದಲೇ ಅಲ್ಲಿ ಮೀನು ನಿಲ್ಲುವುದಿಲ್ಲ, ಮೀನಿಲ್ಲದ್ದರಿಂದಲೇ ಕಪ್ಪೆಯ ಗೊದಮೊಟ್ಟೆ ಬದುಕುತ್ತದೆ. ಒಣಗಿದ ಅಂಗಳದ ಮಣ್ಣಿನಲ್ಲಿ ಕಪ್ಪೆಗಳು ಹೂತು ಮಲಗಿರುತ್ತವೆ, ಹಾಗಾಗಿ ಹೂಳು ತೆಗೆಯುವಾಗಲೂ ಒಂದು ವರ್ಷಕ್ಕೆ ಅರ್ಧ ಭಾಗ ಮಾತ್ರ. ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಿಸುವ ಘಟಕ) ನೀರನ್ನು ಕುಂಟೆಗೆ ನೇರ ಬಿಡಬೇಡಿ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹರಿದು, ಆಮೇಲೆ ಕೆರೆಗೆ ಸೇರುವ ಏರ್ಪಾಡಿದೆ, ಸಣ್ಣ ಪ್ರಮಾಣದಲ್ಲಿ ಅದನ್ನೇ ಮಾಡಬಹುದು. ಸೊಳ್ಳೆಗೆಂದು ಗಂಬೂಸಿಯಾ ಮೀನು ಬಿಡುವುದೂ ಬೇಡ, ಅದು ಗೊದಮೊಟ್ಟೆಯನ್ನೂ ತಿನ್ನುತ್ತದೆ. ಡೆಂಗಿ ಸೊಳ್ಳೆ ಬೆಳೆಯುವುದು ಕಾಂಕ್ರೀಟ್ ಗಟ್ಟಿಯಾಗಲೆಂದು ನೀವು ನಿಲ್ಲಿಸುವ ಕ್ಯೂರಿಂಗ್ ನೀರಿನಲ್ಲಿ, ಡ್ರಮ್ಮಿನಲ್ಲಿ, ಲಿಫ್ಟ್ ಗುಂಡಿಯಲ್ಲಿ. ಕಾಂಕ್ರೀಟ್ ಮಿಕ್ಸರ್ ತೊಳೆದ ನೀರು ಕುಂಟೆಗೆ ಹರಿಯದಂತೆ ಟಾರ್ಪಾಲಿನ್ ಹಾಸಿದ ಗುಂಡಿ ಮಾಡಿ, ಅದರ ಕ್ಷಾರಕ್ಕೆ ಮೀನು, ಕಪ್ಪೆ ಒಂದೇ ದಿನದಲ್ಲಿ ಸಾಯುತ್ತವೆ.

ಗಿಡ ನೆಡುವುದನ್ನು ಕೊನೆಗೆ ಇಟ್ಟಿದ್ದೇನೆ, ಕ್ರಮದಲ್ಲೂ ಅದು ಕೊನೆಯದೇ. ಜೆಸಿಬಿ ಓಡಾಡಿದ ನೆಲ ಗಟ್ಟಿಯಾಗಿರುತ್ತದೆ. ಅರ್ಧ ಇಂಚಿನ ಕಬ್ಬಿಣದ ಸರಳನ್ನು ಮಳೆ ಬಿದ್ದ ಎರಡು ದಿನದ ಮೇಲೆ ಕೈಯಲ್ಲಿ ಒತ್ತಿ ನೋಡಿ. ಒಂದು ಅಡಿ ಇಳಿಯದಿದ್ದರೆ ಬೇರೂ ಇಳಿಯುವುದಿಲ್ಲ. ನೆಲ ಒಣಗಿದ್ದಾಗ ಎರಡು ಅಡಿ ಆಳಕ್ಕೆ ಸೀಳಿಸಿ, ಆಮೇಲೆ ಮೇಲ್ಮಣ್ಣು ಹರಡಿ, ಅದರ ಮೇಲೆ ಮತ್ತೆ ಟಿಪ್ಪರ್ ಓಡಿಸಬೇಡಿ. ಗರಸಿನಲ್ಲಿ ಎರಡು ಅಡಿ ಘನದ ಗುಂಡಿ ತೋಡಿ ಗೊಬ್ಬರ ತುಂಬಿದರೆ ಅದು ಕುಂಡದ ಹಾಗೆ ಆಗುತ್ತದೆ, ಬೇರು ಅಲ್ಲೇ ಸುತ್ತುತ್ತದೆ, ಮಳೆಯಲ್ಲಿ ನೀರು ನಿಂತು ಕೊಳೆಯುತ್ತದೆ. ಗುಂಡಿಯ ಗೋಡೆಯನ್ನು ಹಾರೆಯಿಂದ ಒಡೆದು ಒರಟು ಮಾಡಿ, ತೋಡಿದ ಮಣ್ಣನ್ನೇ ಹೆಚ್ಚು ತುಂಬಿ. ಪಾಕೆಟ್ಟಿನಲ್ಲಿ ಬೇರು ಸುರುಳಿ ಸುತ್ತಿದ್ದರೆ ಮೂರು ಕಡೆ ಬ್ಲೇಡಿನಲ್ಲಿ ಸೀಳಿ.

ಯಾವ ಮರ? ಹೊಂಗೆ, ಬೇವು, ನೇರಳೆ, ಅತ್ತಿ, ಬಸರಿ, ಮುತ್ತುಗ, ಬಿಳಿ ಜಾಲಿ, ಎಲಚಿ. ಕುಂಟೆಯ ಹತ್ತಿರ ಈಚಲು ಇದ್ದರೆ ಗೀಜಗ ತಾನಾಗಿ ಬಂದು ಗೂಡು ಕಟ್ಟುತ್ತದೆ. ಆಲ, ಅರಳಿ, ಗೋಣಿಯನ್ನು ಆರು ಅಡಿ ಫುಟ್‌ಪಾತಿಗೆ ಹಾಕಬೇಡಿ, ಪಾರ್ಕಿನ ಮೂಲೆ ಕೊಡಿ. ಒಂದೇ ಜಾತಿ ಎಲ್ಲ ಕಡೆ ಬೇಡ. ಅಮೆರಿಕದ ಸಸ್ಯ ತಳಿವಿಜ್ಞಾನಿ ಫ್ರಾಂಕ್ ಸಾಂತಮೂರ್ 1990ರಲ್ಲಿ ಹೇಳಿದ ಸೂತ್ರ ಇವತ್ತಿಗೂ ಕೈಗೆ ಹತ್ತುತ್ತದೆ: ಒಂದು ಜಾತಿ ಶೇ. 10 ಮೀರಬಾರದು, ಒಂದು ಕುಲ (ಹತ್ತಿರದ ಜಾತಿಗಳ ಗುಂಪು) ಶೇ. 20, ಒಂದು ಕುಟುಂಬ (ಹತ್ತಿರದ ಕುಲಗಳ ಗುಂಪು) ಶೇ. 30. ಚಿಟ್ಟೆ ಬೇಕೆಂದು ಬರೀ ಹೂವಿನ ಗಿಡ ಹಾಕಿದರೆ ಬರುವುದು ಮಕರಂದ ಕುಡಿದು ಹೋಗುವ ಅತಿಥಿಗಳು. ಮರಿ ಮಾಡಬೇಕಾದರೆ ಹುಳು ತಿನ್ನುವ ಎಲೆ ಬೇಕು: ಎಕ್ಕ, ತಂಗಡಿ, ಕರಿಬೇವು, ಈಶ್ವರಿ ಬಳ್ಳಿ. ‘ಗಿಡಕ್ಕೆ ಹುಳು ಬಿದ್ದಿದೆ’ ಅಂತ ಔಷಧಿ ಹೊಡೆಯುವ ಮಾಲಿಗೆ ಇದನ್ನು ಮೊದಲೇ ಹೇಳಿಡಿ.

ಜೂನ್-ಜುಲೈನಲ್ಲಿ ನೆಟ್ಟ ಗಿಡಕ್ಕೆ ಮೂರು ಬೇಸಿಗೆ ನೀರು ಬೇಕು. 200 ಸಸಿಗೆ ವಾರಕ್ಕೆ 20 ಲೀಟರಿನಂತೆ 4,000 ಲೀಟರ್, ಅಂದರೆ ಸಣ್ಣ ಟ್ಯಾಂಕರ್ ಒಂದು. ಡಿಸೆಂಬರ್‌ನಿಂದ ಮೇವರೆಗೆ 26 ವಾರ, 26 ಟ್ಯಾಂಕರ್. ಮೂರು ವರ್ಷಕ್ಕೆ 78. ಈ 78 ಟ್ಯಾಂಕರ್ ಬಿಒಕ್ಯೂನಲ್ಲಿ ಇಲ್ಲದಿದ್ದರೆ 200 ಸಸಿ ನೆಡುವ ಬದಲು ನಲವತ್ತು ನೆಡಿ. ಬಡಾವಣೆಯನ್ನು ಸಂಘಕ್ಕೋ ಪಂಚಾಯಿತಿಗೋ ಒಪ್ಪಿಸುವಾಗ ನಕ್ಷೆ, ಹುಲ್ಲು ಕೊಯ್ಯುವ ವೇಳಾಪಟ್ಟಿ, ನಿರ್ವಹಣೆಯ ಠೇವಣಿ ಮೂರನ್ನೂ ಒಟ್ಟಿಗೆ ಕೊಡಿ.

ಸಣ್ಣಪುಟ್ಟದ್ದನ್ನು ಬೇಗ ಮುಗಿಸುತ್ತೇನೆ. ಬೀದಿದೀಪ 3,000 ಕೆಲ್ವಿನ್ ಅಥವಾ ಕಡಿಮೆ, ಅಂದರೆ ಹಳದಿ ಛಾಯೆಯದು, ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ, ಕುಂಟೆಯ ಕಡೆಗೆ ಬೇಡವೇ ಬೇಡ. ದೊಡ್ಡ ಗಾಜಿನ ಗೋಡೆಗೆ ಹೊರಮೈಯಲ್ಲಿ ಐದು ಸೆಂ.ಮೀ.ಗೊಂದು ಚುಕ್ಕಿ ಅಂಟಿಸಿ, ಹಕ್ಕಿಗೆ ಗಾಜು ಕಾಣುತ್ತದೆ. ಕಂಪೌಂಡಿನ ಬುಡದಲ್ಲಿ ಅಲ್ಲಲ್ಲಿ ಅರ್ಧ ಅಡಿ ಚೌಕದ ಕಿಂಡಿ ಬಿಟ್ಟರೆ ಕಪ್ಪೆ, ಮುಂಗುಸಿ ದಾಟುತ್ತವೆ. ತೆರೆದ ಗುಂಡಿ, ಸಂಪುಗಳಿಗೆ ಒಂದು ಓರೆ ಹಲಗೆ ಇಡಿ, ಬಿದ್ದದ್ದು ಹತ್ತಿ ಬರಲಿ.

ಮಾತು ಮುಗಿದ ಮೇಲೆ ಬಂದ ಮೊದಲ ಪ್ರಶ್ನೆ ‘ಸಾರ್, ಪೊದೆ ಬಿಟ್ಟರೆ ಹಾವು ಬರಲ್ವಾ?’ ಅಂತ. ಈ ಪ್ರಶ್ನೆ ಎಲ್ಲ ಕಡೆಯೂ ಬರುತ್ತದೆ, ಬರಬೇಕಾದದ್ದೇ. ಹಾವು ಬರುವುದು ಇಲಿಗೆ, ಇಲಿ ಬರುವುದು ಕಸಕ್ಕೆ. ಕಸದ ರಾಶಿ, ಒಡೆದ ಇಟ್ಟಿಗೆ ಗುಡ್ಡೆ, ಉಳಿದ ಸೆಂಟ್ರಿಂಗ್ ಹಲಗೆಗಳನ್ನು ಮನೆಗಳ ನಡುವಿನ ಖಾಲಿ ಸೈಟುಗಳಿಂದ ಮೊದಲು ತೆಗೆಸಿ. ಉಳಿಸಿದ ಪೊದೆಗೂ ಮಕ್ಕಳು ಆಡುವ ಜಾಗಕ್ಕೂ ನಡುವೆ ಮೂರು ಮೀಟರ್ ಅಗಲದ ಪಟ್ಟಿಯಲ್ಲಿ ಹುಲ್ಲನ್ನು ಯಾವಾಗಲೂ ಗಿಡ್ಡವಾಗಿ ಕೊಯ್ದಿಡಿ. ಬೋಳು ಪಟ್ಟಿ ದಾಟುವ ಹಾವು ಕಣ್ಣಿಗೆ ಬೀಳುತ್ತದೆ. ಕೇರೆ ಹಾವನ್ನು ನಾಗರ ಅಂತ ಹೊಡೆದು ಸಾಯಿಸಿದರೆ ಇಲಿ ಹಿಡಿಯುವವರು ಒಬ್ಬರು ಕಡಿಮೆಯಾದ ಹಾಗೆ. ಕಾವಲುಗಾರರಿಗೆ ಟಾರ್ಚು, ಬೂಟು ಕೊಡಿ. ಹಾವು ಹಿಡಿಯುವವರ ನಂಬರನ್ನೂ ವಿಷನಿರೋಧಕ ಚುಚ್ಚುಮದ್ದು ಇರುವ ಹತ್ತಿರದ ಆಸ್ಪತ್ರೆಯ ನಂಬರನ್ನೂ ಗೇಟಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.